ಸಿಬಿಟಿ ಮಾಡುವುದು ಹೇಗೆ? ನಮ್ಮ ಕಡೆಯ ಹೊಸ ಆಪ್ತಸಮಾಲೋಚಕರಿಗೆ ಸಮಗ್ರ ಮಾರ್ಗದರ್ಶಿ

ಸೈಕಾಲಜಿ ಓದಿ, ಎಂ.ಎಸ್.ಡಬ್ಲ್ಯು. ಮುಗಿಸಿ, ಇಲ್ಲವೇ ನರ್ಸಿಂಗ್‌ನಿಂದ ಆಪ್ತಸಮಾಲೋಚನೆಯ ಕೆಲಸಕ್ಕೆ ಬಂದವರು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಲ್ಲಿ ಈಗ ಸಾಕಷ್ಟು ಜನ ಇದ್ದಾರೆ. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಸಿಬಿಟಿ ಬಗ್ಗೆ ಪುಸ್ತಕದಲ್ಲಿ ಓದಿರುತ್ತಾರೆ. ಆದರೆ ಎದುರಿಗೆ ಕೂತವರು "ಎದಿ ಧಸಕ್ ಅಂತೈತ್ರಿ, ಊಟ ಸೇರವಲ್ದು, ಇಸಿಜಿ ತಗಸಿದ್ರ ಎಲ್ಲಾ ನಾರ್ಮಲ್ ಅಂದಾರ" ಅಂದಾಗ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ. ಆಗ ಬಾಯಿಗೆ ಸಲೀಸಾಗಿ ಬರುವ ಮಾತು "ಟೆನ್ಶನ್ ಮಾಡ್ಕೋಬ್ಯಾಡ್ರಿ, ಧೈರ್ಯಾ ತಗೋರಿ". ಈ ಮಾತನ್ನು ಮನೆಯವರು, ಬೀಗರು, ಓಣಿಯವರು ಎಲ್ಲರೂ ಅವರಿಗೆ ಆಗಲೇ ಹೇಳಿರುತ್ತಾರೆ. ಅದರಿಂದ ಆಗಿದ್ದರೆ ಅವರು ನಿಮ್ಮ ಹತ್ತಿರ ಬರುತ್ತಲೇ ಇರಲಿಲ್ಲ.

ಸಿಬಿಟಿಯಲ್ಲಿ ಉಪದೇಶಕ್ಕೆ ಜಾಗ ಕಡಿಮೆ. ಕೇಳುವುದು, ಬರೆಯುವುದು, ಮಾಡಿ ನೋಡುವುದು, ಇವೇ ಅದರ ಕೆಲಸ. ಇದಕ್ಕೆ ತಳಪಾಯ ಹಾಕಿದವರು ಅಮೆರಿಕದ ಮನೋವೈದ್ಯ ಆರನ್ ಬೆಕ್ (1921-2021). 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಜೊತೆ ಮಾತಾಡುವಾಗ ಅವರಿಗೆ ಒಂದು ವಿಷಯ ಕಂಡಿತು. ರೋಗಿಗಳ ಮನಸ್ಸಿನಲ್ಲಿ ತಮ್ಮ ಬಗ್ಗೆ, ಜಗತ್ತಿನ ಬಗ್ಗೆ, ಮುಂದಿನ ದಿನಗಳ ಬಗ್ಗೆ ಕೆಟ್ಟ ವಿಚಾರಗಳು ತಾವಾಗಿಯೇ ಫಕ್ಕನೆ ಬಂದು ಹೋಗುತ್ತಿದ್ದವು. ಆ ವಿಚಾರ ನಿಜವೋ ಅಲ್ಲವೋ ಅಂತ ಯಾರೂ ನಿಂತು ನೋಡುತ್ತಿರಲಿಲ್ಲ. ನಿಂತು ನೋಡುವುದನ್ನು ಕಲಿಸಿದಾಗ ಖಿನ್ನತೆ ಕಡಿಮೆಯಾಯಿತು. ಇವತ್ತು ಖಿನ್ನತೆ, ಆತಂಕ, ಪ್ಯಾನಿಕ್, ಗೀಳು, ನಿದ್ರೆಯ ತೊಂದರೆ ಇವುಗಳಿಗೆಲ್ಲ ಹೆಚ್ಚು ಪರೀಕ್ಷೆಗೆ ಒಳಗಾದ ಮಾತಿನ ಚಿಕಿತ್ಸೆ ಇದೇ.

ಇದು ಪೇಟೆಯ ದೊಡ್ಡ ಆಸ್ಪತ್ರೆಗೆ ಮಾತ್ರ ಸೇರಿದ್ದು ಅಂತ ಅಂದುಕೊಳ್ಳಬೇಡಿ. ಪಕ್ಕದ ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ಜೋರಾದ ಖಿನ್ನತೆ ಇರುವ ಜನರಿಗೆ ಸಾಮಾನ್ಯ ಜನರನ್ನೇ ತರಬೇತಿ ಕೊಟ್ಟು ಸಲಹೆಗಾರರನ್ನಾಗಿ ಮಾಡಿದರು. ಆರರಿಂದ ಎಂಟು ಭೇಟಿಗಳಲ್ಲಿ ಸಿಬಿಟಿಯ ಒಂದು ಸರಳ ಭಾಗವನ್ನಷ್ಟೇ ಬಳಸಿದರು. ಚೆನ್ನಾಗಿ ಫಲ ಸಿಕ್ಕಿತು. 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವೂ ಆಯಿತು. ಆ ಭಾಗ ಯಾವುದು ಅಂತ ಕೆಳಗೆ ಹೇಳುತ್ತೇನೆ. ನನ್ನ ಪ್ರಕಾರ ನಮ್ಮ ಕಡೆಗೆ ಅದೇ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇಲ್ಲಿ ಬರುವ ಉದಾಹರಣೆಗಳು ಹಲವರ ಕಥೆ ಸೇರಿಸಿ ಕಟ್ಟಿದವು. ಹೆಸರು, ಊರು ಕಲ್ಪಿತ.

ಶುರು ಮಾಡುವ ಮೊದಲು: ಇವರಿಗೆ ಇದು ಸರಿಯೇ?

ಮೊದಲ ಕೆಲಸ ಮೈಯ ಕಾಯಿಲೆಯನ್ನು ನೋಡುವುದು. ಥೈರಾಯ್ಡ್ ತೊಂದರೆ, ರಕ್ತ ಕಡಿಮೆ ಇರುವುದು, ಬಿ12 ಕೊರತೆ, ಸಕ್ಕರೆ ಕಾಯಿಲೆ ಇವೆಲ್ಲ ಸುಸ್ತು, ಬೇಸರ, ಎದೆಬಡಿತ ತರುತ್ತವೆ. ವೈದ್ಯರು ನೋಡಿದ್ದಾರಾ ಅಂತ ಕೇಳಿ. ನೋಡಿಲ್ಲದಿದ್ದರೆ ಕಳಿಸಿ.

ಆಮೇಲೆ ಮನೋವೈದ್ಯರಿಗೆ ಕಳಿಸಲೇಬೇಕಾದ ಸಂಗತಿಗಳು. ಯಾರೂ ಇಲ್ಲದಾಗ ಧ್ವನಿ ಕೇಳಿಸುವುದು, ತನ್ನ ಮೇಲೆ ಎಲ್ಲರೂ ಸಂಚು ಮಾಡುತ್ತಿದ್ದಾರೆ ಅನ್ನುವ ಗಟ್ಟಿ ನಂಬಿಕೆ, ದಿನಗಟ್ಟಲೆ ನಿದ್ದೆ ಇಲ್ಲದೆಯೂ ಹುರುಪು ಜಾಸ್ತಿ ಆಗಿ ಓಡಾಡುವುದು, ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟಾಗ ಕೈ ನಡುಗಿ ಬಡಬಡಿಸುವುದು, ಊಟ-ನೀರು ಬಿಟ್ಟು ಮಲಗಿಬಿಡುವುದು. ಇಂಥವರಿಗೆ ಸಿಬಿಟಿ ಆಮೇಲೆ. ಜೋರಾದ ಖಿನ್ನತೆಯಲ್ಲಿ ಗುಳಿಗೆ ಮತ್ತು ಸಿಬಿಟಿ ಎರಡೂ ಜೊತೆಗೆ ನಡೆದರೆ ಒಳ್ಳೆಯದು. ಸೌಮ್ಯವಾದ ಮತ್ತು ಮಧ್ಯಮ ಖಿನ್ನತೆಯಲ್ಲಿ ಬಹಳ ಜನರಿಗೆ ಬರೀ ಸಿಬಿಟಿ ಸಾಕಾಗುತ್ತದೆ. ಯಾರಿಗೇ ಆಗಲಿ, ನಡೆಯುತ್ತಿರುವ ಗುಳಿಗೆಯನ್ನು ಬಿಡಿ ಅಂತ ನಾವು ಹೇಳಬಾರದು. ಅದು ವೈದ್ಯರಿಗೆ ಬಿಟ್ಟದ್ದು.

ಸಾವಿನ ವಿಚಾರವನ್ನು ನೇರವಾಗಿ ಕೇಳಿ. "ಜೀವನಾ ಸಾಕು ಅನಸ್ತೈತೇನ್ರಿ? ಜೀವಾ ಕಳಕೋಬೇಕು ಅಂತ ವಿಚಾರ ಬಂದೈತೇನ್ರಿ?" ಕೇಳಿದರೆ ಇಲ್ಲದ ವಿಚಾರ ತಲೆಯಲ್ಲಿ ಹುಟ್ಟುತ್ತದೆ ಅನ್ನುವ ಹೆದರಿಕೆ ಬಹಳ ಜನರಿಗಿದೆ. ಹಾಗೆ ಆಗುವುದಿಲ್ಲ. ಬಹಳ ಜನರಿಗೆ ಯಾರಾದರೂ ಕೇಳಿದರಲ್ಲ ಅಂತ ಸಮಾಧಾನವೇ ಆಗುತ್ತದೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಮನೆಗೆ ಕಳಿಸಬೇಡಿ. ಹತ್ತಿರದವರೊಬ್ಬರನ್ನು ಕರೆಸಿ, ಅವತ್ತೇ ಮನೋವೈದ್ಯರಿಗೆ ತೋರಿಸುವ ವ್ಯವಸ್ಥೆ ಮಾಡಿ. ನಮ್ಮದು ಹೊಲ-ಮನೆಯ ಸೀಮೆ, ಬೆಳೆಗೆ ಹೊಡೆಯುವ ಎಣ್ಣೆ ಮನೆಯಲ್ಲೇ ಇರುತ್ತದೆ. ಅದನ್ನು ಅವತ್ತೇ ಮನೆಯಿಂದ ಆಚೆ ಇಡಿಸಲು ಮನೆಯವರಿಗೆ ಹೇಳಿ. ಇದು ಸಣ್ಣ ಮಾತು ಅನಿಸಬಹುದು, ಆದರೆ ಜೀವ ಉಳಿಸುವ ಮಾತು.

ಕಳಿಸುವುದು ಎಲ್ಲಿಗೆ? 1845ರಲ್ಲಿ ಶುರುವಾದ ಧಾರವಾಡದ ಹಳೆಯ ಮಾನಸಿಕ ಆಸ್ಪತ್ರೆಯೇ ಇವತ್ತಿನ ಡಿಮ್ಹಾನ್ಸ್. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ), ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ಸರ್ಕಾರಿ ಆಸ್ಪತ್ರೆಗಳಿವೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕ್ಲಿನಿಕ್ ಇದೆ. ನಿಮ್ಮ ತಾಲೂಕಿನಲ್ಲಿ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ಟೆಲಿ-ಮಾನಸ್ ಸಹಾಯವಾಣಿಯ ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಇದು ಹಗಲು-ರಾತ್ರಿ, ಪುಕ್ಕಟೆ, ಕನ್ನಡದಲ್ಲೂ ಸಿಗುತ್ತದೆ. ಈ ನಂಬರನ್ನು ಚೀಟಿಯಲ್ಲಿ ಬರೆದು ಪ್ರತಿಯೊಬ್ಬರ ಕೈಗೂ ಕೊಡಿ.

ಇನ್ನೊಂದು ಮಾತು. ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇಲ್ಲದವರು ತಮ್ಮನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕರೆದುಕೊಳ್ಳಬಾರದು. ಹೊಸಬರು ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲೇ ಸಿಬಿಟಿ ಮಾಡಬೇಕು. ವಾರಕ್ಕೊಮ್ಮೆಯಾದರೂ ಅವರ ಜೊತೆ ಕೂತು ಕೇಸುಗಳನ್ನು ಮಾತಾಡಿ.

ಮೊದಲ ಭೇಟಿ

ನಮ್ಮ ಕಡೆ ಒಬ್ಬರೇ ಬರುವುದು ಅಪರೂಪ. ಅವ್ವ, ಅಣ್ಣ, ಗಂಡ, ಒಮ್ಮೊಮ್ಮೆ ಮಾವನ ಮನೆಯವರೂ ಒಳಗೆ ಬಂದು ಕೂರುತ್ತಾರೆ. ಅವರನ್ನು ಹೊರಗೆ ಹಾಕಿದ ಹಾಗೆ ಮಾಡಬೇಡಿ, ಬೇಜಾರಾದರೆ ಮುಂದಿನ ಸಲ ಕರೆದುಕೊಂಡೇ ಬರುವುದಿಲ್ಲ. ಮೊದಲ ಹತ್ತು ನಿಮಿಷ ಎಲ್ಲರ ಮಾತು ಕೇಳಿ. ಆಮೇಲೆ "ಅಣ್ಣಾರ, ಈಗ ಸ್ವಲ್ಪ ಹೊತ್ತು ಅಕ್ಕಾರ ಜೋಡಿ ಒಬ್ರಿಗೇ ಮಾತಾಡ್ತೇನ್ರಿ, ಹೊರಗ ಕುಂದರ್ರಿ, ಕಡೀಕ ಮತ್ತ ಕರೀತೇನಿ" ಅನ್ನಿ. ಹೇಳಿದ ಹಾಗೆ ಕೊನೆಗೆ ಕರೆಯಿರಿ. ಏನನ್ನು ಅವರಿಗೆ ಹೇಳಬಹುದು, ಏನನ್ನು ಹೇಳಬಾರದು ಅಂತ ರೋಗಿಯನ್ನೇ ಕೇಳಿಕೊಂಡು ಕರೆಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗುಟ್ಟು ಕಾಯುವುದನ್ನು ರೋಗಿಯ ಹಕ್ಕು ಅಂತಲೇ ಹೇಳಿದೆ. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಮನೆಯವರಿಗೆ ಹೇಳಬೇಕಾಗುತ್ತದೆ ಅನ್ನುವುದನ್ನೂ ಮೊದಲೇ ತಿಳಿಸಿ.

ಹೆಣ್ಣುಮಗಳಿಗೆ ಮನೆಯಲ್ಲಿ ಹೊಡೆತ-ಬಡಿತ ಇದ್ದರೆ ಅವಳ ವಿಚಾರ ತಿದ್ದಲು ಕೂರಬೇಡಿ. ಅಲ್ಲಿ ಮೊದಲು ಬೇಕಾದದ್ದು ಸುರಕ್ಷತೆ. ಮಹಿಳಾ ಸಹಾಯವಾಣಿ 181 ಮತ್ತು ಜಿಲ್ಲೆಯ ಸಖಿ ಕೇಂದ್ರದ ಮಾಹಿತಿ ಕೊಡಿ.

ಒಂದು ಅಳತೆಯನ್ನೂ ಇಟ್ಟುಕೊಳ್ಳಿ. ಖಿನ್ನತೆಗೆ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಸಾಕು. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಹೆಚ್ಚು ಬಂದರೆ ಗಮನ ಕೊಡಬೇಕು. 20 ಅಥವಾ ಹೆಚ್ಚು ಬಂದರೆ ಜೋರು ಅಂತ ಅರ್ಥ. ಒಂಬತ್ತನೆಯ ಪ್ರಶ್ನೆ ಸಾವಿನ ವಿಚಾರದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ನಿಲ್ಲಿಸಿ ಮಾತಾಡಿ. ಆತಂಕಕ್ಕೆ ಇಂಥದೇ ಪ್ರಶ್ನಾವಳಿ ಜಿಎಡಿ-7 ಇದೆ. ಓದಲು ಬಾರದವರಿಗೆ ನೀವೇ ಓದಿ ಹೇಳಿ. ಒಂದು ಅಂಕದಿಂದ ರೋಗ ತೀರ್ಮಾನ ಆಗುವುದಿಲ್ಲ. ಆದರೆ ಆರು ವಾರದ ನಂತರ "ಏನೂ ಫರಕ್ ಇಲ್ರಿ" ಅಂದಾಗ 17 ಇದ್ದದ್ದು 11 ಆಗಿದೆ ಅಂತ ಹಾಳೆ ತೋರಿಸಬಹುದು. ಖಿನ್ನತೆ ಇರುವವರಿಗೆ ತಮ್ಮ ಸುಧಾರಣೆ ತಮಗೇ ಕಾಣುವುದಿಲ್ಲ.

ತೊಂದರೆಯ ನಕ್ಷೆ ಬರೆಯುವುದು

ಸವಿತಾ ಅಂತ ಇಟ್ಟುಕೊಳ್ಳೋಣ. ರೋಣ ತಾಲೂಕಿನ ಹಳ್ಳಿಯ ಹುಡುಗಿ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುತ್ತಾಳೆ. ಹೋದ ಸಲ ಸ್ವಲ್ಪದರಲ್ಲೇ ತಪ್ಪಿತು. ಈಗ ಎರಡು ತಿಂಗಳಿಂದ ಲೈಬ್ರರಿಗೆ ಹೋಗಿಲ್ಲ. "ನನ್ನ ಕಡಿಂದ ಏನೂ ಆಗೂದಿಲ್ರಿ ಮೇಡಂ" ಅನ್ನುತ್ತಾಳೆ.

ಖಾಲಿ ಹಾಳೆ ತೆಗೆದುಕೊಂಡು ಇಬ್ಬರ ನಡುವೆ ಇಡಿ. ಇತ್ತೀಚೆಗೆ ಬಹಳ ಕೆಟ್ಟದಾಗಿ ಅನಿಸಿದ ಒಂದೇ ಒಂದು ಹೊತ್ತನ್ನು ಆರಿಸಲು ಹೇಳಿ. "ಯಾವಾಗ್ಲೂ ಹಂಗ ಅನಸ್ತೈತ್ರಿ" ಅಂದರೆ ಒಪ್ಪಿಕೊಂಡು, "ಮೊನ್ನೆಯದು ಒಂದು ಹೇಳ್ರಿ" ಅಂತ ಕೇಳಿ. ಆಮೇಲೆ ಒಂದೊಂದಾಗಿ ಬರೆಯಿರಿ.

ಏನಾಯಿತು: ಸೋಮವಾರ ಸಂಜೆ ಅಪ್ಪನ ಫೋನ್ ಬಂತು.
ವಿಚಾರ: "ಅಪ್ಪನ ರೊಕ್ಕಾ ನೀರಾಗ ಹಾಕಾಕತ್ತೇನಿ. ಎಲ್ಲಾರೂ ಮುಂದ ಹೋದ್ರು."
ಮನಸ್ಸು: ನಾಚಿಕೆ, ದುಃಖ.
ಮೈ: ಎದೆ ಭಾರ, ತಲೆನೋವು.
ಮಾಡಿದ್ದು: ಫೋನ್ ಎತ್ತಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿ ರೀಲ್ಸ್ ನೋಡಿದಳು. ಊಟಕ್ಕೆ ಮೆಸ್ಸಿಗೆ ಹೋಗಲಿಲ್ಲ.
ಆಮೇಲೆ ಏನಾಯಿತು: ಓದು ಇನ್ನೂ ಹಿಂದೆ ಬಿತ್ತು. ಅಪ್ಪ ಗಾಬರಿಯಾದರು. ಅವಳಿಗೆ ತಾನು ದಂಡ ಅನ್ನುವುದು ಇನ್ನಷ್ಟು ಗಟ್ಟಿಯಾಯಿತು.

ಕೊನೆಯ ಸಾಲಿನಿಂದ ವಿಚಾರದ ಸಾಲಿಗೆ ಒಂದು ಬಾಣ ಎಳೆಯಿರಿ. ಗಾಣದ ಎತ್ತು ಸುತ್ತಿದ ಹಾಗೆ ಇದು ಸುತ್ತುತ್ತಲೇ ಇರುತ್ತದೆ. "ಇದ್ರಾಗ ಎಲ್ಲಿ ಕೈ ಹಾಕಿದ್ರ ಸುತ್ತು ನಿಂದರಬಹುದು, ಏನ್ ಅನಸ್ತೈತಿ?" ಅಂತ ಅವಳನ್ನೇ ಕೇಳಿ. ಉತ್ತರ ಗೊತ್ತಿದ್ದರೂ ನೀವು ಹೇಳಬೇಡಿ. ಸವಿತಾ ಸ್ವಲ್ಪ ಹೊತ್ತು ನೋಡಿ, "ಫೋನ್ ಎತ್ತಬೇಕಿತ್ತು ಅನಸ್ತೈತ್ರಿ" ಅಂದರೆ ಚಿಕಿತ್ಸೆ ಶುರುವಾದ ಹಾಗೆ. ಈ ಹಾಳೆಯ ಫೋಟೋ ತೆಗೆದುಕೊಳ್ಳಲಿ.

ಅವರು ಆಡಿದ ಮಾತನ್ನೇ ಬರೆಯಿರಿ. "ಎದಿ ಧಸಕ್ ಅಂತು" ಅಂದರೆ ಹಾಗೆಯೇ ಬರೆಯಿರಿ, "ಆತಂಕದ ಲಕ್ಷಣ" ಅಂತ ತಿದ್ದಬೇಡಿ. ದೇವರು, ಹರಕೆ, ತಾಯತ, ಗಾಳಿ ಬಡಿದಿದೆ ಅನ್ನುವ ಮಾತು ಬಂದರೂ ಜಗಳಕ್ಕೆ ಇಳಿಯಬೇಡಿ. "ಅದನ್ನೂ ಮಾಡ್ರಿ, ಇದನ್ನೂ ಮಾಡೋಣು" ಅಂದರೆ ಸಾಕು. ಸಿದ್ಧಾರೂಢ ಮಠಕ್ಕೆ ಹೋಗಿ ಕೂತರೆ ಮನಸ್ಸು ಹಗುರಾಗುತ್ತದೆ ಅನ್ನುವವರಿಗೆ ಅದು ಚಟುವಟಿಕೆಯ ಪಟ್ಟಿಯಲ್ಲಿ ಒಳ್ಳೆಯ ಸೇರ್ಪಡೆ. ದೇವರ ಹೆಸರಿನಲ್ಲಿ ಹೊಡೆಯುವುದು, ಉಪವಾಸ ಕೆಡವುವುದು, ಗುಳಿಗೆ ಬಿಡಿಸುವುದು ನಡೆದರೆ ಮಾತ್ರ ಗಟ್ಟಿಯಾಗಿ ತಡೆಯಿರಿ.

ಮೊದಲು ಕೆಲಸ, ಆಮೇಲೆ ವಿಚಾರ

ಗೋವಾದಲ್ಲಿ ಬಳಸಿದ ಭಾಗ ಇದೇ. ಇಂಗ್ಲಿಷಿನಲ್ಲಿ ಬಿಹೇವಿಯರಲ್ ಆ್ಯಕ್ಟಿವೇಶನ್ ಅನ್ನುತ್ತಾರೆ. ಬೇಸರ ಬಂದಾಗ ಮನುಷ್ಯ ಕೆಲಸ ಬಿಡುತ್ತಾನೆ. ಬಿಟ್ಟಾಗ ಖುಷಿ ಕೊಡುವುದೂ ಹೋಗುತ್ತದೆ, "ನಾನು ಮಾಡಿದೆ" ಅನ್ನುವ ಸಮಾಧಾನವೂ ಹೋಗುತ್ತದೆ. ಆಗ ಬೇಸರ ಇನ್ನೂ ಜಾಸ್ತಿ. "ಮನಸ್ಸು ಬಂದಾಗ ಮಾಡ್ತೇನ್ರಿ" ಅನ್ನುವವರಿಗೆ ಮನಸ್ಸು ಬರುವುದೇ ಇಲ್ಲ. ಮಾಡಿದ ಮೇಲೆ ಮನಸ್ಸು ಬರುತ್ತದೆ. ಹೊಸಬರು ವಿಚಾರ ಪರೀಕ್ಷೆಗೆ ಆತುರ ಪಡುತ್ತಾರೆ, ಅದೇ ಸಿಬಿಟಿ ಅಂತ ಓದಿರುತ್ತಾರಲ್ಲ. ಖಿನ್ನತೆಯಲ್ಲಿ ಮುಳುಗಿದವರಿಗೆ ಮೊದಲ ಎರಡು-ಮೂರು ವಾರ ಬರೀ ಇದನ್ನೇ ಮಾಡಿಸಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೊದಲ ವಾರ ಏನನ್ನೂ ಬದಲಿಸಬೇಡಿ. ಸುಮ್ನೆ ದಿನಚರಿ ಬರೆಯಲಿ. ತಾಸಿಗೆ ಒಂದು ಸಾಲು ಸಾಕು. ಪಕ್ಕದಲ್ಲಿ ಎರಡು ಅಂಕ: ಖುಷಿ ಎಷ್ಟು, ಏನಾದರೂ ಮಾಡಿದೆ ಅನ್ನುವ ಸಮಾಧಾನ ಎಷ್ಟು, ಎರಡೂ ಹತ್ತಕ್ಕೆ. ಬರೆಯಲು ಬಾರದವರು ವಾಟ್ಸಾಪ್‌ನಲ್ಲಿ ತಮಗೇ ಧ್ವನಿ ಸಂದೇಶ ಇಟ್ಟುಕೊಳ್ಳಬಹುದು. ಇಲ್ಲವೇ ಕ್ಯಾಲೆಂಡರಿನ ಚೌಕದಲ್ಲಿ ಮೊಮ್ಮಗಳು ಚುಕ್ಕೆ ಹಾಕಿಕೊಡಬಹುದು.

ಸವಿತಾಳ ಹಾಳೆಯಲ್ಲಿ ಬೆಳಿಗ್ಗೆ 7ರಿಂದ 11ರವರೆಗೆ ಒಂದೇ ಮಾತು: ಹಾಸಿಗೆ, ಮೊಬೈಲ್. ಖುಷಿ 1, ಸಮಾಧಾನ 0. ಗುರುವಾರ ಮಾತ್ರ ಬೇರೆ. ರೂಮಿನ ಗೆಳತಿಗೆ ಜ್ವರ ಬಂದಿತ್ತು. ಇವಳೇ ಎದ್ದು ಗಂಜಿ ಮಾಡಿಕೊಟ್ಟಳು, ಔಷಧದ ಅಂಗಡಿಗೆ ಹೋಗಿಬಂದಳು. ಅಲ್ಲಿ ಖುಷಿ 3, ಸಮಾಧಾನ 7. "ಇಲ್ಲಿ ಏಳು ಹಾಕೀರಿ, ಏನ್ ಆತ್ರಿ ಅವತ್ತ?" ಅಂತ ಕೇಳಿ. ಇಂಥ ಒಂದು ಅಂಕ ಸಿಕ್ಕರೆ ನಿಮ್ಮ ಅರ್ಧ ಗಂಟೆಯ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ, ಯಾಕಂದರೆ ಅದು ಅವಳದೇ ಕೈಬರಹ.

ಎರಡನೇ ವಾರ ಪ್ಲ್ಯಾನ್ ಹಾಕಿ. ಸಣ್ಣದಿರಲಿ. "ದಿನಾ ಎಂಟು ತಾಸು ಓದ್ತೇನಿ" ಅಂದರೆ ಕಡಿಮೆ ಮಾಡಿಸಿ. ಬೆಳಿಗ್ಗೆ ಏಳೂವರೆಗೆ ಎದ್ದು ಗೆಳತಿ ಜೊತೆ ಚಹಾ. ಎರಡು ದಿನಕ್ಕೊಮ್ಮೆ ಕೆಲಗೇರಿ ಕೆರೆಯ ಕಡೆ ಇಪ್ಪತ್ತು ನಿಮಿಷ ನಡಿಗೆ. ಲೈಬ್ರರಿಯಲ್ಲಿ ಒಂದೇ ತಾಸು, ಅದೂ ಇಷ್ಟವಾದ ವಿಷಯದಿಂದ. ಸಂಜೆ ಅಪ್ಪನ ಫೋನ್ ಎತ್ತಿ ಐದು ನಿಮಿಷ ಮಾತು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ ಅಂತ ಬರೆಸಿ. ಅಡ್ಡಿ ಏನು ಬರಬಹುದು ಅಂತಲೂ ಕೇಳಿ. "ಬೆಳಿಗ್ಗೆ ಏಳಾಕ ಆಗೂದಿಲ್ಲ" ಅಂದರೆ ಮೊಬೈಲನ್ನು ರಾತ್ರಿ ಬಾಗಿಲ ಹತ್ತಿರ ಚಾರ್ಜಿಗೆ ಇಡುವುದು ಅಂತ ಅಲ್ಲೇ ದಾರಿ ಹುಡುಕಿ.

ಇನ್ನೊಂದು ಉಪಾಯ: ಮಾಡುವ ಮೊದಲು ಎಷ್ಟು ಖುಷಿ ಸಿಗಬಹುದು ಅಂತ ಊಹೆಯ ಅಂಕ ಬರೆಸಿ. ಮಾಡಿದ ಮೇಲೆ ನಿಜವಾದ ಅಂಕ. ನಡಿಗೆಗೆ ಊಹೆ 1 ಇದ್ದದ್ದು ನಿಜದಲ್ಲಿ 4 ಬಂದರೆ, ಖಿನ್ನತೆ ಮುಂದಿನದನ್ನು ಎಷ್ಟು ಕಪ್ಪಾಗಿ ತೋರಿಸುತ್ತದೆ ಅಂತ ಅವಳಿಗೇ ಗೊತ್ತಾಗುತ್ತದೆ.

ಹೊಲದ ಕೆಲಸ, ಮನೆಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಕೆಲಸ ಕಡಿಮೆ ಇರುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಬರೀ ಕೆಲಸವೇ. ಅವರ ಹಾಳೆಯಲ್ಲಿ ತಮಗೆ ಅಂತ ಇಟ್ಟುಕೊಂಡ ಅರ್ಧ ತಾಸು ಎಲ್ಲಿದೆ ಅಂತ ಹುಡುಕಿ. ಇಲ್ಲದಿದ್ದರೆ ಅದನ್ನು ಮನೆಯವರ ಎದುರಿಗೇ ಮಾತಾಡಿ ಮಾಡಿಸಿಕೊಳ್ಳಬೇಕು. ಓಣಿಯ ಭಜನೆ, ಸಂಘದ ಮೀಟಿಂಗ್, ತವರಿಗೆ ಒಂದು ಫೋನ್, ಯಾವುದಾದರೂ ಸರಿ.

ವಿಚಾರ ಹಿಡಿಯುವುದು, ಪರೀಕ್ಷೆ ಮಾಡುವುದು

ಸ್ವಲ್ಪ ಚೇತರಿಕೆ ಬಂದ ಮೇಲೆ ಇದಕ್ಕೆ ಕೈ ಹಾಕಿ. ಮೊದಲು ಹಿಡಿಯುವುದು ಕಲಿಸಬೇಕು. ಮನಸ್ಸು ಒಮ್ಮೆಲೇ ಕುಸಿದ ಹೊತ್ತಿನಲ್ಲಿ "ಈಗ ತಲ್ಯಾಗ ಏನ್ ಬಂತು?" ಅಂತ ಕೇಳಿಕೊಳ್ಳಲಿ. ನಿಮ್ಮ ಎದುರಿಗೇ ಮುಖ ಬಾಡಿದರೆ ಅಲ್ಲೇ ಕೇಳಿ. ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಸವಿತಾಗೆ ಮಾಕ್ ಟೆಸ್ಟಿನಲ್ಲಿ ನೂರಕ್ಕೆ 52 ಬಂತು. ವಿಚಾರ: "ಈ ಸಲಾನೂ ಆಗೂದಿಲ್ಲ. ನಾ ಯಾಕೂ ಉಪಯೋಗಿಲ್ಲ." ನೂರಕ್ಕೆ ಎಷ್ಟು ನಂಬುತ್ತಾಳೆ? 90. ದುಃಖ ಎಷ್ಟು? 80. ಈಗ ಮಾತು ಹೀಗೆ ಸಾಗಬಹುದು.

"ಈ ಸಲ ಆಗೂದಿಲ್ಲ ಅನ್ನಾಕ ಏನೇನ್ ಐತ್ರಿ?"
"ಹೋದ ಸಲ ಆಗಲಿಲ್ಲ. ಈ ಟೆಸ್ಟಿನ್ಯಾಗ 52 ಬಂತು. ಎರಡ ತಿಂಗಳ ಓದಿಲ್ಲ."
"ಸರಿ, ಬರೀರಿ. ಇದಕ್ಕ ಉಲ್ಟಾ ಏನರ ಐತೇನ್ರಿ?"
"ಏನೂ ಇಲ್ರಿ."
"ಹೋದ ಸಲ ಎಷ್ಟರಾಗ ತಪ್ಪಿತ್ತು?"
"ಭಾಳ ಕಡಿಮಿ ಅಂಕದಾಗ್ರಿ."
"52ರಾಗ ಯಾವ ವಿಷಯ ಕೈ ಕೊಟ್ಟಾವು?"
"ಗಣಿತ, ಮಾನಸಿಕ ಸಾಮರ್ಥ್ಯ. ಕನ್ನಡದಾಗ ಛಲೋ ಬಂದೈತ್ರಿ. ಇತಿಹಾಸದಾಗೂ."
"ನಿಮ್ಮ ಗೆಳತಿ ಇದ ಅಂಕಾ ತಗೊಂಡು 'ನಾ ಯಾಕೂ ಉಪಯೋಗಿಲ್ಲ' ಅಂದ್ರ ನೀವು ಆಕಿಗೆ ಏನ್ ಅಂತಿದ್ರಿ?"
ಸುಮ್ಮನಿದ್ದು, "ಎರಡ ತಿಂಗಳ ಓದದ 52 ತಗೊಂಡಿ, ಓದಿದ್ರ ಜಾಸ್ತಿ ಬರ್ತಿತ್ತಲ್ಲ ಅಂತಿದ್ದೆ."

ಈ ಮಾತನ್ನೇ ಬರೆಯಲು ಹೇಳಿ. ಕೊನೆಗೆ ಅವಳು ಬರೆದದ್ದು: "ಈ ಸಲ ಆಗತೈತೋ ಇಲ್ಲೋ ಗೊತ್ತಿಲ್ಲ. ಗಣಿತದಾಗ ಹಿಂದ ಅದೇನಿ. ಅದಕ್ಕ ದಿನಾ ಒಂದ ತಾಸು ಕೊಟ್ರ ಫರಕ್ ಬೀಳಬಹುದು." ಇದನ್ನು 70ರಷ್ಟು ನಂಬುತ್ತಾಳೆ. ದುಃಖ 80ರಿಂದ 50ಕ್ಕೆ ಇಳಿಯಿತು. ಸೊನ್ನೆಗೆ ಇಳಿಯಬೇಕಿಲ್ಲ. ಕಡಿಮೆ ಅಂಕ ಬಂದಾಗ ಸ್ವಲ್ಪ ಬೇಸರ ಸಹಜವೇ ಅಲ್ವಾ. "ನಾ ಖಂಡಿತ ಪಾಸಾಗ್ತೇನಿ" ಅಂತ ಬರೆಸಿದ್ದರೆ ಅದು ಸುಳ್ಳು ಧೈರ್ಯ ಆಗುತ್ತಿತ್ತು, ಅದನ್ನು ಅವಳು ನಂಬುತ್ತಲೂ ಇರಲಿಲ್ಲ.

ನಮ್ಮ ಕಡೆ ಪದೇ ಪದೇ ಕಾಣುವ ವಿಚಾರದ ತಪ್ಪುಗಳು ಕೆಲವಿವೆ. "ಮಂದಿ ಏನ್ ಅಂತಾರ" ಅಂತ ಬೇರೆಯವರ ಮನಸ್ಸನ್ನು ತಾವೇ ಓದಿಬಿಡುವುದು. ಪೂರ್ತಿ ಆದರೆ ಸರಿ, ಇಲ್ಲದಿದ್ದರೆ ದಂಡ ಅನ್ನುವುದು. ಒಂದು ಕೆಟ್ಟದ್ದಾದರೆ ಎಲ್ಲ ಮುಗಿಯಿತು ಅನ್ನುವುದು. ಮಗನಿಗೆ ಹೆಣ್ಣು ಸಿಗದಿದ್ದರೆ, ಮಗಳ ಸಂಸಾರ ಸರಿಯಿಲ್ಲದಿದ್ದರೆ ಎಲ್ಲ ತನ್ನದೇ ತಪ್ಪು ಅಂತ ತಲೆ ಮೇಲೆ ಹೊತ್ತುಕೊಳ್ಳುವುದು. ಇವನ್ನು ಪಟ್ಟಿ ಮಾಡಿ ಪಾಠ ಹೇಳುವ ಅಗತ್ಯ ಇಲ್ಲ. ಹಾಳೆಯಲ್ಲಿ ಬಂದಾಗ ತೋರಿಸಿ, ಸಾಕು.

ಕೆಲವನ್ನು ಮಾತಿನಿಂದ ತೀರ್ಮಾನಿಸಲು ಆಗುವುದಿಲ್ಲ, ಮಾಡಿಯೇ ನೋಡಬೇಕು. "ಲೈಬ್ರರಿಗೆ ಹೋದ್ರ ಎಲ್ಲಾರೂ ಇಷ್ಟ ದಿನಾ ಎಲ್ಲಿ ಹೋಗಿದ್ದಿ ಅಂತ ಕೇಳ್ತಾರ, ಆಡ್ಕೋತಾರ" ಅಂದರೆ, ಎಷ್ಟು ಜನ ಕೇಳಬಹುದು ಅಂತ ಬರೆಸಿ ಕಳಿಸಿ. ಬಂದ ಮೇಲೆ ಎಷ್ಟು ಜನ ಕೇಳಿದರು, ಏನಂತ ಕೇಳಿದರು ಅಂತ ನೋಡಿ.

"ನಾ ಯಾಕೂ ಉಪಯೋಗಿಲ್ಲ" ಅನ್ನುವ ಆಳವಾದ ನಂಬಿಕೆಗಳನ್ನು ಹೊಸಬರು ಮೊದಲ ಭೇಟಿಗಳಲ್ಲೇ ಅಗೆಯಬಾರದು. ಅದಕ್ಕೆ ಸಮಯ, ಅನುಭವ ಎರಡೂ ಬೇಕು.

ವಿಚಾರ ನಿಜವೇ ಆಗಿದ್ದಾಗ

ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಶಿರಹಟ್ಟಿ ಕಡೆಯ ರೈತರೊಬ್ಬರು ಬಂದು, "ಮಳಿ ಕೈ ಕೊಡ್ತು, ಹೆಸರಿನ ಬೆಳಿ ಹೋತು, ಸೊಸೈಟಿ ಸಾಲ ಐತಿ, ಕೈಗಡಾನೂ ಐತಿ" ಅನ್ನುತ್ತಾರೆ. ಇದು ವಿಚಾರದ ತಪ್ಪಲ್ಲ, ನಡೆದದ್ದು. ಇದಕ್ಕೆ ಸಾಕ್ಷಿ ಏನು ಅಂತ ಕೇಳಿದರೆ ಅವರಿಗೆ ಅವಮಾನ ಮಾಡಿದ ಹಾಗೆ.

ಇಲ್ಲಿ ಎರಡು ಹಾಳೆ ಬೇಕು. ಒಂದರಲ್ಲಿ ನಿಜವಾದ ತೊಂದರೆ. ಸೊಸೈಟಿಯದು ಎಷ್ಟು, ಬ್ಯಾಂಕಿನದು ಎಷ್ಟು, ಬಡ್ಡಿಯವರದು ಎಷ್ಟು, ಬಂಗಾರ ಎಲ್ಲಿದೆ, ಯಾವುದಕ್ಕೆ ಯಾವಾಗ ಗಡುವು. ತಲೆಯಲ್ಲಿ ಎಲ್ಲ ಸೇರಿ ಒಂದು ಗುಡ್ಡ ಆಗಿರುತ್ತದೆ. ಹಾಳೆಯ ಮೇಲೆ ಬಿಡಿಬಿಡಿಯಾದಾಗ ಈ ವಾರ ಮಾಡಬೇಕಾದದ್ದು ಒಂದೋ ಎರಡೋ ಅಂತ ಕಾಣುತ್ತದೆ. ದಾರಿಗಳನ್ನು ಅವರೇ ಹೇಳಲಿ. ಒಳ್ಳೆಯದು, ಕೆಟ್ಟದ್ದು ಎಲ್ಲ ಬರೆಯಿರಿ. ಒಂದನ್ನು ಆರಿಸಿ, ಯಾವ ದಿನ ಯಾರನ್ನು ನೋಡುವುದು ಅಂತ ಗೊತ್ತು ಮಾಡಿ. ಬೆಳೆ ವಿಮೆ ತುಂಬಿದ್ದಾರಾ, ಪರಿಹಾರಕ್ಕೆ ಅರ್ಜಿ ಹೋಗಿದೆಯಾ ಅಂತಲೂ ಕೇಳಿ. ಇದೂ ಸಿಬಿಟಿಯ ಒಳಗಿನ ಕೆಲಸವೇ.

ಎರಡನೆಯ ಹಾಳೆಯಲ್ಲಿ ಆ ತೊಂದರೆಯ ಮೇಲೆ ಮನಸ್ಸು ಕಟ್ಟಿದ ಮಾತು. "ಊರಾಗ ತಲಿ ಎತ್ತಿ ತಿರಗಾಂಗಿಲ್ಲ. ನಾ ಇಲ್ಲಂದ್ರನ ಮನಿಯವ್ರಿಗೆ ಸುಖ." ಪರೀಕ್ಷೆಗೆ ಬರಬೇಕಾದದ್ದು ಈ ಮಾತು. ಇದನ್ನು ಕೇಳಿದ ಕೂಡಲೇ, ಮೇಲೆ ಹೇಳಿದ ಹಾಗೆ, ಜೀವದ ಅಪಾಯದ ಪ್ರಶ್ನೆಗಳನ್ನೂ ಅವತ್ತೇ ಕೇಳಬೇಕು.

ಭಯಕ್ಕೆ ಮೆಟ್ಟಿಲು

ಹುಬ್ಬಳ್ಳಿಯ ಹೊಸೂರಿನಲ್ಲಿ ಮನೆ, ಧಾರವಾಡದಲ್ಲಿ ಕೆಲಸ ಇರುವ ಒಬ್ಬರು. ಒಂದು ದಿನ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಬಾಗಿಲು ಹಾಕಿಕೊಂಡ ಕೂಡಲೇ ಎದೆ ಹೊಡೆದುಕೊಂಡು, ಬೆವತು, ಸತ್ತೇ ಹೋದೆ ಅನಿಸಿತು. ಹೃದಯದ ಎಲ್ಲ ಪರೀಕ್ಷೆ ಸರಿ. ಆದರೂ ಅಂದಿನಿಂದ ಬಸ್ ಹತ್ತಿಲ್ಲ. ಇದು ಪ್ಯಾನಿಕ್. ಗಾಬರಿಯಲ್ಲಿ ಉಸಿರು ಜೋರಾಗುತ್ತದೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದರಿಂದ ತಲೆ ಸುತ್ತು, ಕೈಯಲ್ಲಿ ಜುಮ್ಮು. ಅದನ್ನು ನೋಡಿ ಇನ್ನೂ ಗಾಬರಿ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಏರಿ, ತಾನಾಗಿಯೇ ಇಳಿಯುತ್ತದೆ. ಇದನ್ನು ಚಿತ್ರ ಬರೆದು ತೋರಿಸಿ.

ಆಮೇಲೆ ಮೆಟ್ಟಿಲು ಕಟ್ಟಿ, ಪ್ರತಿಯೊಂದಕ್ಕೂ ಭಯದ ಅಂಕ ನೂರಕ್ಕೆ. ಹೊಸೂರು ನಿಲ್ದಾಣದಲ್ಲಿ ಅರ್ಧ ತಾಸು ಸುಮ್ನೆ ಕೂತು ಬಸ್ ನೋಡುವುದು, 30. ಮಗನ ಜೊತೆ ವಿದ್ಯಾನಗರದವರೆಗೆ, 45. ಒಬ್ಬರೇ ವಿದ್ಯಾನಗರ, 55. ಒಬ್ಬರೇ ಉಣಕಲ್, 65. ನವನಗರ, 75. ಬೆಳಿಗ್ಗೆ ಗದ್ದಲದ ಹೊತ್ತಿನಲ್ಲಿ ಒಬ್ಬರೇ ಧಾರವಾಡದ ಜುಬಿಲಿ ಸರ್ಕಲ್‌ವರೆಗೆ, 95.

ಕೆಳಗಿನದರಿಂದ ಹತ್ತಲಿ. ಹತ್ತುವ ಮೊದಲು "ಏನಾಗಬಹುದು ಅಂತೀರಿ?" ಅಂತ ಬರೆಸಿ, ಇಳಿದ ಮೇಲೆ "ಏನಾಯಿತು?" ಬರೆಸಿ. ಭಯ ಬಂದ ಕೂಡಲೇ ಇಳಿದುಬಿಟ್ಟರೆ ಮೈ ಕಲಿಯುವುದು ಒಂದೇ: ಇಳಿದದ್ದಕ್ಕೆ ಬದುಕಿದೆ. ಅದಕ್ಕೇ ಗೊತ್ತು ಮಾಡಿದ ನಿಲ್ದಾಣದವರೆಗೆ ಕೂತಿರಬೇಕು. ಒಂದೇ ಮೆಟ್ಟಿಲನ್ನು ವಾರದಲ್ಲಿ ಹಲವು ಸಲ ಮಾಡಬೇಕು. ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ "ಇರಲಿ ಅಂತ" ಇಟ್ಟ ಗುಳಿಗೆ, ಬಾಗಿಲ ಪಕ್ಕದ ಸೀಟು, ಪದೇ ಪದೇ ನಾಡಿ ಹಿಡಿದು ನೋಡುವುದು, ಇಂಥ ಆಸರೆಗಳನ್ನೂ ಒಂದೊಂದಾಗಿ ಬಿಡಿಸಿ. ಇಲ್ಲದಿದ್ದರೆ ಬಾಟಲಿಯೇ ತನ್ನನ್ನು ಉಳಿಸಿತು ಅಂತ ಅಂದುಕೊಳ್ಳುತ್ತಾರೆ. ವೈದ್ಯರು ದಿನಾ ತೆಗೆದುಕೊಳ್ಳಲು ಹೇಳಿದ ಗುಳಿಗೆಗೆ ಈ ಮಾತು ಅನ್ವಯಿಸುವುದಿಲ್ಲ.

ಪದೇ ಪದೇ ಕೈ ತೊಳೆಯುವ, ಮಡಿ-ಮೈಲಿಗೆಯ ಗೀಳಿಗೂ ಇಂಥದೇ ಮೆಟ್ಟಿಲು ಇದೆ. ಅಲ್ಲಿ ತೊಳೆಯುವುದನ್ನು ತಡೆಯುವುದೂ ಸೇರುತ್ತದೆ. ಅದನ್ನು ತರಬೇತಿ ಆದವರೇ ಮಾಡಬೇಕು, ಅವರಿಗೆ ಕಳಿಸಿ.

ಪ್ರತಿ ಭೇಟಿ ಹೇಗಿರಬೇಕು

ಮುಕ್ಕಾಲು ತಾಸಿನಿಂದ ಐವತ್ತು ನಿಮಿಷ. ಮೊದಲು ವಾರ ಹೇಗಿತ್ತು, ಅಂಕ ಎಷ್ಟು. ಆಮೇಲೆ ಇವತ್ತು ಏನು ಮಾತಾಡೋಣ ಅಂತ ಇಬ್ಬರೂ ಸೇರಿ ಗೊತ್ತು ಮಾಡುವುದು. ಹೋದ ವಾರದ ಮನೆಗೆಲಸದ ಹಾಳೆ ನೋಡುವುದು. ಒಂದೋ ಎರಡೋ ವಿಷಯದ ಮೇಲೆ ಕೆಲಸ. ಕೊನೆಯ ಹತ್ತು ನಿಮಿಷ ಹೊಸ ಮನೆಗೆಲಸ ಬರೆಯುವುದು, "ಇವತ್ತ ಏನ್ ತಗೊಂಡ ಹೊಂಟ್ರಿ?" ಅಂತ ಕೇಳುವುದು. "ನಾ ಹೇಳಿದ್ದರಾಗ ಏನರ ಮನಸ್ಸಿಗೆ ಹತ್ತಿತೇನ್ರಿ?" ಅಂತಲೂ ಕೇಳಿ. ನಮ್ಮ ಜನ ಮೇಡಂ, ಸರ್ ಅಂತ ಗೌರವಕ್ಕೆ ಹೂಂ ಅಂದು, ಬೇಜಾರಾಗಿದ್ದರೂ ಹೇಳದೆ ಹೋಗುತ್ತಾರೆ.

ಹಾಳೆ ತರದೆ ಬಂದರೆ ಬೈಯಬೇಡಿ. ಮಾಡಲಿಕ್ಕೆ ಯಾಕೆ ಆಗಲಿಲ್ಲ ಅನ್ನುವುದರಲ್ಲೇ ಬಹಳ ಸಲ ವಿಷಯ ಇರುತ್ತದೆ. ಬರೆದದ್ದನ್ನು ಅತ್ತೆ ನೋಡಿಬಿಟ್ಟರೆ ಅನ್ನುವ ಹೆದರಿಕೆ ಇರಬಹುದು. ಅಕ್ಷರ ಚೆನ್ನಾಗಿಲ್ಲ ಅನ್ನುವ ನಾಚಿಕೆ ಇರಬಹುದು. ಕೆಲಸ ದೊಡ್ಡದಾಗಿತ್ತೋ ಏನೋ. ಹಾಳೆಯನ್ನು ಅಲ್ಲೇ ಕೂತು ಐದು ನಿಮಿಷದಲ್ಲಿ ತುಂಬಿಸಿ, ಮುಂದಿನ ವಾರದ್ದನ್ನು ಅರ್ಧಕ್ಕೆ ಇಳಿಸಿ.

ಪುಸ್ತಕದಲ್ಲಿ ವಾರಕ್ಕೊಂದರಂತೆ ಹನ್ನೆರಡರಿಂದ ಹದಿನಾರು ಭೇಟಿ ಅಂತ ಇರುತ್ತ‌ದೆ. ಸುಗ್ಗಿ, ಬಿತ್ತನೆ, ಬಸ್ ಚಾರ್ಜು, ಕೂಲಿ ತಪ್ಪುವುದು ಇವನ್ನೆಲ್ಲ ನೋಡಿದರೆ ನಮ್ಮ ಹಳ್ಳಿಯವರಿಗೆ ಅದು ಕಷ್ಟ. ಆರರಿಂದ ಎಂಟು ಭೇಟಿಗೆ ಪ್ಲ್ಯಾನ್ ಹಾಕಿ, ನಡುವೆ ಹತ್ತು ನಿಮಿಷದ ಫೋನ್ ಇಟ್ಟುಕೊಳ್ಳಿ. ಸಂತೆಯ ದಿನ ಪೇಟೆಗೆ ಬರುವವರಿಗೆ ಅದೇ ದಿನ ಸಮಯ ಕೊಟ್ಟರೆ ತಪ್ಪಿಸುವುದು ಕಡಿಮೆಯಾಗುತ್ತದೆ.

ಮುಗಿಸುವುದು

ಅಂಕ ಇಳಿದು, ದಿನಚರಿ ಹಳಿಗೆ ಬಂದ ಮೇಲೆ ಭೇಟಿಗಳನ್ನು ದೂರ ಮಾಡಿ. ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಕೊನೆಯ ಎರಡು ಭೇಟಿಯಲ್ಲಿ ಒಂದು ಪುಟ ಬರೆಸಿ. ಮತ್ತೆ ಕೆಡುವಾಗ ಮೊದಲು ಕಾಣುವ ಗುರುತು ಯಾವುದು? ಸವಿತಾಗೆ ಅದು ಬೆಳಿಗ್ಗೆ ಹಾಸಿಗೆ ಬಿಡದಿರುವುದು, ಅಪ್ಪನ ಫೋನ್ ಎತ್ತದಿರುವುದು. ಆಗ ಮೊದಲು ಮಾಡುವ ಮೂರು ಕೆಲಸ ಯಾವುವು? ಯಾರಿಗೆ ಹೇಳುವುದು? ಮುಂದೆ ಕಷ್ಟ ಬರುವ ದಿನಗಳು ಯಾವುವು? ಪರೀಕ್ಷೆಯ ಫಲಿತಾಂಶದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅವತ್ತು ಯಾರ ಜೊತೆ ಇರಬೇಕು ಅಂತ ಈಗಲೇ ಬರೆಸಿ. ಕೆಳಗೆ ನಿಮ್ಮ ಕೇಂದ್ರದ ನಂಬರ್, 14416, ಮತ್ತು ಹತ್ತಿರದ ಮನೋವೈದ್ಯರ ಓಪಿಡಿ ದಿನ.

ಆ ಪುಟದ ಒಂದು ಪ್ರತಿ ನಿಮ್ಮ ಫೈಲಿನಲ್ಲಿ ಇರಲಿ. ಒಂದು, ಮೂರು, ಆರು ತಿಂಗಳಿಗೆ ಒಂದೊಂದು ಭೇಟಿ ಮೊದಲೇ ಗೊತ್ತು ಮಾಡಿ, ಆ ದಿನ ಪುಟವನ್ನು ಇಬ್ಬರೂ ತೆರೆದು ಇಟ್ಟುಕೊಂಡು ಪಿಎಚ್‌ಕ್ಯೂ-9 ಮತ್ತೊಮ್ಮೆ ಕೇಳಿ.